ಬಾಸ್ ಗಿಟಾರಿನ ಡಬ್ಬಿಯೊಳಗೆ ಒಂದೆಳೆ ಜರಿ

ಮಾಲು ನೋಡುವ ಕಣ್ಣಿಂದ ನೋಡಿದರೆ ದೇವೀರಮ್ಮನವರು ಯಾರೂ ಮೊದಲು ಕೈಹಾಕುವ ಸರಕಲ್ಲ. ಗಿಡ್ಡ ಆಳು, ಒಣಕಲು ಮೈ. ಉಡುವುದು ಹತ್ತಿಯ ಸೀರೆ. ರೇಷ್ಮೆ ನೇಯುವ ಮನೆಯ ಹೆಂಗಸಿಗೆ ರೇಷ್ಮೆ ಉಡುವ ಯೋಗ ಮದುವೆಯ ದಿನ ಬಿಟ್ಟರೆ ಮತ್ತೆ ಬಂದೀತು ಎಂದು ಹೇಳಲಾಗದು. ಮಾತನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ. ಹೆದರಿಕೆ ಮಾತ್ರ ಮೂಟೆಗಟ್ಟಲೆ ದಾಸ್ತಾನಿತ್ತು. ಬೀದಿಯಲ್ಲಿ ಹೋರಿ ಬಂದರೆ ಜಗಲಿ ಹತ್ತುವರು, ಗುಡುಗಿದರೆ ಮಗ್ಗದ ಕೋಣೆ ಸೇರುವರು, ದೀಪದ ಸ್ವಿಚ್ಚು ಒತ್ತುವುದಕ್ಕೂ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುವರು. ಇಷ್ಟನ್ನೆಲ್ಲ ವಜಾ ಮಾಡಿದ ಮೇಲೆ ಉಳಿಯುವುದು ಅವರ ಹತ್ತು ಬೆರಳು. ಆ ಬೆರಳಿಗೆ ಚೌಕಾಸಿ ಮಾಡುವವನು ವ್ಯಾಪಾರಿಯೇ ಅಲ್ಲ.

ಕೊಳ್ಳೇಗಾಲದಲ್ಲಿ ಅವರ ಗಂಡ ಚೌಡಯ್ಯ ಮಗ್ಗದ ಮೇಲೆ ಕೂತರೆ ಇವರು ರಾಟೆಯ ಮುಂದೆ ಕೂತು ನೂಲು ಸುತ್ತಿ ಕೊಡುವರು. ಉಸಿರು ಬಿಟ್ಟರೆ ಹಾರಿಹೋಗುವಂಥ ಎಳೆ ಅವರ ಕೈಯಲ್ಲಿ ತುಂಡಾದದ್ದನ್ನು ಕಂಡವರಿಲ್ಲ. ಅದೇ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಗುರುಪಾದಸ್ವಾಮಿ ಇದಕ್ಕೆ ನೇರ ವಿರುದ್ಧ. ಟ್ರಾನ್ಸ್‌ಫಾರ್ಮರ್ ಸುಟ್ಟ ರೇಡಿಯೋ ಬಂದರೆ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಬೇಕು. ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಅವನ ದಪ್ಪ ಬೆರಳಿಗೆ ಸಿಕ್ಕಿ ಪಟ್ ಪಟ್ ಎಂದು ಹರಿಯುತ್ತಿತ್ತು. ಒಂದು ದಿನ ಸಿಟ್ಟಿನಲ್ಲಿ ತಂತಿಯ ಉರುಳೆ ಹಿಡಿದುಕೊಂಡೇ ಇವರ ಮನೆಗೆ ನುಗ್ಗಿದವನು, ಸಂಜೆ ಹೊರಗೆ ಬಂದದ್ದು ಸುತ್ತಿ ಮುಗಿದ ಸುರುಳಿಯೊಂದಿಗೆ. ನೂರು ಸುತ್ತಿಗೊಂದು ಹುಣಿಸೆಬೀಜ ಪಕ್ಕಕ್ಕಿಟ್ಟು ಎಣಿಸಿದ್ದರಂತೆ. ಅಲ್ಲಿಂದ ಆಚೆಗೆ ಊರಿನ ರೇಡಿಯೋಗಳ ಸುರುಳಿಯೆಲ್ಲ ರೇಷ್ಮೆಯ ರಾಟೆಯ ಮೇಲೆಯೇ ತಯಾರಾಯಿತು.

ಗುರುಪಾದಸ್ವಾಮಿ ಅವರಿಗೆ ಹೇಳಿಕೊಟ್ಟದ್ದು ಹೆಚ್ಚೇನಲ್ಲ. ಒಳಗಡೆಯ ಸುತ್ತಿಗೆ ಕಂಬದ ಕರೆಂಟು ಬರುತ್ತದೆ, ಹೊರಗಡೆಯ ಸುತ್ತಿನಿಂದ ಸಣ್ಣ ಕರೆಂಟು ಹೋಗುತ್ತದೆ, ನಡುವೆ ಎಣ್ಣೆಕಾಗದ. ಇವೆರಡೂ ಎಂದೆಂದಿಗೂ ಒಂದನ್ನೊಂದು ಮುಟ್ಟಕೂಡದು. ಮುಟ್ಟಿದರೆ ಏನಾಗುತ್ತದೆ ಎಂದು ಇವರು ಕೇಳಿದ್ದಕ್ಕೆ ಅವನು, ‘ಆ ಕಡೆ ಹಿಡ್ಕಂಡೋನು ಓದ, ಅಷ್ಟೇಯ’ ಎಂದು ಬೀಡಿ ಹಚ್ಚಿದ್ದ. ದೇವೀರಮ್ಮ ಅಂದಿನಿಂದ ಎಣ್ಣೆಕಾಗದವನ್ನು ಒಂದರ ಬದಲು ಎರಡು ಪದರ ಹಾಕತೊಡಗಿದರು.

ಎಪ್ಪತ್ತೇಳರಲ್ಲಿ ಬಂತು ಆ ಗಿಟಾರು. ತಂದವನು ಮಾದಸ್ವಾಮಿ, ಈ ಬರೆಯುತ್ತಿರುವವನ ತಮ್ಮ. ಅಣ್ಣ ರೇಷ್ಮೆ, ಜರಿ ಮಾರುತ್ತ ಕೂತಿದ್ದರೆ ತಮ್ಮ ಆರ್ಕೆಸ್ಟ್ರಾ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ಬೆಂಗಳೂರಿನ ಹೋಟೆಲಿನಲ್ಲಿ ಬಾರಿಸುತ್ತಿದ್ದ ಆಂಗ್ಲೋ ಇಂಡಿಯನ್ ಒಬ್ಬ ಆಸ್ಟ್ರೇಲಿಯಾಕ್ಕೆ ಹೊರಟು ನಿಂತಾಗ ಇವನು ಅದನ್ನು ಕೊಂಡು ತಂದ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಕೆಲವರಿಗೆ ಇನ್ನೂ ಗೊತ್ತಿಲ್ಲ. ನಾಲ್ಕೇ ತಂತಿ, ಕನ್ನಡಿಯಂತೆ ಮಿಂಚುವ ಮರ, ಬಾರಿಸಿದರೆ ಆನೆ ಹೊಟ್ಟೆಯೊಳಗೆ ಗೊಣಗಿದಂಥ ಸದ್ದು. ಬೇರೆ ಗಿಟಾರುಗಳ ಸದ್ದು ತಂತಿಯಲ್ಲಿ ಹರಿದು ಸ್ಪೀಕರಿನ ಪೆಟ್ಟಿಗೆ ಸೇರುವಷ್ಟರಲ್ಲಿ ಸೊರಗುತ್ತದಂತೆ. ಇದರ ಹೊಟ್ಟೆಯಲ್ಲೇ ಒಂದು ಪುಟ್ಟ ಸರ್ಕ್ಯೂಟು ಕೂತು, ಹುಟ್ಟಿದ ಸದ್ದನ್ನು ಅಲ್ಲೇ ಬಲಪಡಿಸಿ ಕಳಿಸುತ್ತಿತ್ತು. ಆ ಸರ್ಕ್ಯೂಟಿಗೂ ಊಟ ಬೇಕಲ್ಲ. ಚೌಕಾಕಾರದ ಬ್ಯಾಟರಿ ಹಾಕಿದರೆ ನಡೆಯುತ್ತಿತ್ತು, ಆದರೆ ಅದು ಕೊಳ್ಳೇಗಾಲದಲ್ಲಿ ಸಿಗದು, ಸಿಕ್ಕರೂ ಬೇಗ ತೀರುವುದು. ಅದಕ್ಕೇ ಗಿಟಾರಿನ ಜೊತೆಗೆ ಒಂದು ಕಬ್ಬಿಣದ ಡಬ್ಬಿ ಬಂದಿತ್ತು. ಗೋಡೆಯ ಪ್ಲಗ್ಗಿಗೆ ಡಬ್ಬಿ, ಡಬ್ಬಿಯಿಂದ ಗಿಟಾರಿಗೆ ಐದು ಪಿನ್ನಿನ ದಪ್ಪ ವೈರು. ಅದೇ ವೈರಿನಲ್ಲಿ ಕರೆಂಟು ಮೇಲಕ್ಕೆ ಹೋಗಿ ಸದ್ದು ಕೆಳಕ್ಕೆ ಬರುವುದು.

ಡಬ್ಬಿ ಅಮೆರಿಕದ್ದು. ಅಲ್ಲಿಯ ಕರೆಂಟು ನಮ್ಮದರ ಅರ್ಧದಷ್ಟು. ಮೊದಲಿನ ಯಜಮಾನ ಅದಕ್ಕೆಂದು ಕರೆಂಟು ಇಳಿಸುವ ಬೇರೊಂದು ಯಂತ್ರ ಇಟ್ಟಿದ್ದನಂತೆ. ಅದನ್ನು ಕೇಳಿ ತರುವ ಬುದ್ಧಿ ನಮ್ಮ ಹುಡುಗನಿಗೆ ಹೊಳೆಯಲಿಲ್ಲ. ಮನೆಗೆ ಬಂದವನೇ ಪ್ಲಗ್ಗಿಗೆ ಚುಚ್ಚಿದ. ಹೊಗೆ ಬಂತು. ಗುರುಪಾದಸ್ವಾಮಿ ಬಿಚ್ಚಿ ನೋಡಿ, ಟ್ರಾನ್ಸ್‌ಫಾರ್ಮರನ್ನು ನಮ್ಮೂರಿನ ಕರೆಂಟಿಗೆ ತಕ್ಕಂತೆ ಹೊಸದಾಗಿ ಸುತ್ತಿಸಬೇಕೆಂದು ಲೆಕ್ಕ ಹಾಕಿ ತಂತಿಯ ಸಮೇತ ದೇವೀರಮ್ಮನ ಮುಂದಿಟ್ಟ.

ಆ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ಒಂದು ನಡವಳಿಕೆ ಇತ್ತು. ಮಾರುವ ಸೀರೆಗಲ್ಲ, ತಮಗೆ ಬೇಕಾದವರಿಗೆಂದು ಏನನ್ನಾದರೂ ನೇಯ್ದರೆ, ಚೌಡೇಶ್ವರಿಯ ಹೆಸರು ಹೇಳಿ ಕಣ್ಣಿಗೆ ಕಾಣದ ಕಡೆ ಒಂದೆಳೆ ಜರಿ ಸೇರಿಸುವುದು. ಮಕ್ಕಳ ಕುಲಾವಿಯಲ್ಲಿ, ಮಗಳ ಧಾರೆ ಸೀರೆಯಲ್ಲಿ ಅಂಥ ಎಳೆ ಅಡಗಿರುತ್ತಿತ್ತು. ರೇಡಿಯೋ ಸುರುಳಿಗಳು ಯಾರದೋ ಏನೋ, ಅವಕ್ಕೆ ಈ ಮರ್ಯಾದೆ ಇರಲಿಲ್ಲ. ಆದರೆ ಮಾದಸ್ವಾಮಿ ಚಿಕ್ಕಂದಿನಿಂದ ಆ ಮನೆಯ ಅಡುಗೆಕೋಣೆಗೆ ಹೇಳದೆ ಕೇಳದೆ ನುಗ್ಗುತ್ತಿದ್ದವನು, ‘ದೇವೀರಕ್ಕ’ ಎಂದು ಕರೆದು ತಟ್ಟೆ ಮುಂದಿಟ್ಟುಕೊಳ್ಳುತ್ತಿದ್ದವನು. ಅವನ ಅನ್ನದ ಡಬ್ಬಿ ಇದು. ದೇವೀರಮ್ಮ ಒಳಸುತ್ತು ಮುಗಿಸಿ, ಎಣ್ಣೆಕಾಗದ ಹಾಕಿ, ಅದರ ಮೇಲೆ ಒಂದೆಳೆ ಜರಿಯನ್ನು ಬಳಸಿ, ಕೈಮುಗಿದು, ಹೊರಸುತ್ತು ಸುತ್ತಿದರು. ಜರಿಯ ಒಂದು ತುದಿಯನ್ನು ಒಳಸುತ್ತಿನ, ಇನ್ನೊಂದನ್ನು ಹೊರಸುತ್ತಿನ ತಂತಿಯ ಜೊತೆಗೆ ನೂಲಿನಂತೆಯೇ ಹೊಸೆದು ಒಳಗೆ ತುರುಕಿದರು. ಗುರುಪಾದಸ್ವಾಮಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಅಂಗಡಿಗೆ ಬಂದವರಿಗೆಲ್ಲ ಸಾರಿ ನಗುತ್ತಿದ್ದ.

ಡಬ್ಬಿ ಚೆನ್ನಾಗಿಯೇ ನಡೆಯಿತು. ಮಾದಸ್ವಾಮಿ ಯಳಂದೂರಿನಲ್ಲಿ ಒಂದು ಮದುವೆಗೆ ಬಾರಿಸಿ ಬಂದು ಅವರ ಮನೆಯಲ್ಲಿ ರೊಟ್ಟಿ ತಿನ್ನುತ್ತ, ಗಿಟಾರು ಈಗ ಬಲು ಚುರುಕಾಗಿದೆ, ಒಂದೊಂದು ಸಲ ತಂತಿಗೆ ಕೈಯಿಟ್ಟರೆ ಇರುವೆ ಕಚ್ಚಿದ ಹಾಗೆ ಜುಮ್ಮೆನ್ನುತ್ತದೆ ಎಂದು ಹೆಮ್ಮೆಪಟ್ಟ. ಒಳ್ಳೆಯ ಮಾಲಿನ ಲಕ್ಷಣವೇ ಇದಿರಬೇಕೆಂದು ಎಲ್ಲರೂ ಒಪ್ಪಿದರು.

ಗಣಪತಿ ಹಬ್ಬ ಕಳೆದ ವಾರ, ಒಂದು ಮಧ್ಯಾಹ್ನ, ಚೌಡಯ್ಯ ಹೊಸದಾಗಿ ತಂದ ಜರಿಯ ಮೇಲೆ ಅನುಮಾನಪಟ್ಟು ಒಂದು ತುಂಡನ್ನು ದೀಪಕ್ಕೆ ಹಿಡಿದರು. (ಆ ಜರಿ ನಮ್ಮ ಅಂಗಡಿಯದಲ್ಲ, ಅಷ್ಟನ್ನು ಇಲ್ಲೇ ಹೇಳಿಬಿಡುವುದು ಮೇಲು.) ಒಳಗಿನ ನೂಲು ಸುಟ್ಟು ಉದುರಿ, ಕೆಂಪಗೆ ಒಂದು ತಂತಿ ಉಳಿಯಿತು.

‘ನೋಡೇ, ತಾಮ್ರ. ಬೆಳ್ಳಿ ಅಂತ ತಾಮ್ರ ಮಾರವ್ನೆ ಬೇವರ್ಸಿ.’

ದೇವೀರಮ್ಮನ ಕೈಯಲ್ಲಿ ಆಗ ಗುರುಪಾದಸ್ವಾಮಿಯ ತಂತಿ ಇತ್ತು. ಅದನ್ನೂ ನೋಡಿದರು, ಗಂಡನ ಬೆರಳ ತುದಿಯದನ್ನೂ ನೋಡಿದರು. ರಾಟೆ ನಿಂತಿತು.

‘ಮನೇಲಿರೋ ಹಳೇ ಜರಿ? ಅದ್ರೊಳಗೂವೆ ಇಂಗೇ ತಂತಿ ಇದ್ದಾತಾ?’

‘ಅದ್ರಲ್ಲಿ ಒಳ್ಳೆ ಬೆಳ್ಳಿ. ಯಾವ್ದಾದ್ರೂ ಲೋಹನೇ ಕಣೇ. ಇಷ್ಟು ವರ್ಷ ನೂಲು ಅನ್ಕಂಡಿದ್ಯಾ?’

ಅವರು ಅಂದುಕೊಂಡಿದ್ದದ್ದು ಅದನ್ನೇ. ಜರಿ ಮಗ್ಗದ ಮೇಲೆ ಬರುತ್ತದೆ, ಲಾಳಿಯಲ್ಲಿ ಓಡುತ್ತದೆ, ಸೆರಗಿನಲ್ಲಿ ಕೂರುತ್ತದೆ. ಅದು ಬೆಲೆಬಾಳುವ ನೂಲು. ಅದರ ಮೈಯಲ್ಲಿ ಕರೆಂಟು ಹರಿದೀತೆಂದು ರೇಷ್ಮೆ ಬೀದಿಯಲ್ಲಿ ಹುಟ್ಟಿದ ಯಾರಿಗೂ ಹೊಳೆಯುತ್ತಿರಲಿಲ್ಲ. ಈಗ ಹೊಳೆಯಿತು. ಕಾಗದದ ಎರಡೂ ಬದಿಗೆ ಇಣುಕಿರುವ ಆ ತುದಿಗಳು ಕಣ್ಣಿಗೆ ಕಟ್ಟಿದವು. ಇರುವೆ ಕಚ್ಚಿದ ಹಾಗೆ ಎಂದಿದ್ದನಲ್ಲ ಮಾದಸ್ವಾಮಿ.

ಆ ಸಂಜೆಯೇ ಹನೂರಿನಲ್ಲಿ ಗಣಪತಿ ಪೆಂಡಾಲಿನಲ್ಲಿ ಅವನ ಕಾರ್ಯಕ್ರಮ. ತಂಡ ಆಗಲೇ ವ್ಯಾನಿನಲ್ಲಿ ಹೊರಟುಹೋಗಿತ್ತು. ದೇವೀರಮ್ಮ ಗುರುಪಾದಸ್ವಾಮಿಯ ಅಂಗಡಿಗೆ ಓಡಿದರು. ಬೀಗ. ಹಬ್ಬಕ್ಕೆ ಯಳಂದೂರಿನ ಮಾವನ ಮನೆಗೆ ಹೋದವನು ಇನ್ನೂ ಬಂದಿರಲಿಲ್ಲ. ವಾಪಸು ಬಂದು ಗಂಡನಿಗೆ ಹೇಳಿಕೊಂಡರೆ ಅವರು, ಸಾಯುವವನಾಗಿದ್ದರೆ ಇಷ್ಟು ದಿನದಲ್ಲಿ ಸತ್ತಿರುತ್ತಿದ್ದ, ಸುಮ್ಮನೆ ಕೂರು ಎಂದರು. ದೇವೀರಮ್ಮ ಕೂರಲು ನೋಡಿದರು. ಆಗ ನೆನಪಾಯಿತು: ಗಣಪತಿಯ ಮುಂದೆ ವೇದಿಕೆ ಹತ್ತುವವರು ಚಪ್ಪಲಿ ಬಿಡಬೇಕು. ಮದುವೆ ಮನೆಯಲ್ಲಿ ಬೂಟು ಹಾಕಿಕೊಂಡು ಬಾರಿಸುವ ಹುಡುಗ ಇವತ್ತು ಬರಿಗಾಲಲ್ಲಿ ನಿಲ್ಲುತ್ತಾನೆ. ಹನೂರಿನ ದಿಕ್ಕಿಗೆ ನೋಡಿದರೆ ಮೋಡ ಕಪ್ಪಗೆ ಕವಿದಿತ್ತು.

ಬಸ್ ಸ್ಟ್ಯಾಂಡಿಗೆ ಒಬ್ಬರೇ ಹೋದರು. ಒಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲು. ಕಂಡಕ್ಟರು ಟಿಕೆಟು ಹರಿಯುತ್ತ, ಯಾರ ಮನೆಗೆ, ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಎಂದು ವಾಡಿಕೆಯಂತೆ ವಿಚಾರಿಸಿದ. ದೇವೀರಮ್ಮ ಸೆರಗನ್ನು ಬಾಯಿಗೊತ್ತಿ ದುಡ್ಡು ಮುಂದೆ ಹಿಡಿದರು. ಅವನು ಅದನ್ನು ಸಾವೆಂದೇ ತಿಳಿದು, ಪಾಪ ಎಂದು ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ. ಆ ಉಪಕಾರ ಅವರಿಗೆ ಇನ್ನೂ ದಿಗಿಲು ತಂದಿತು.

ಕಾಮಗೆರೆಯಲ್ಲಿ ಮಳೆ ಹಿಡಿಯಿತು. ಅಲ್ಲೇ ಡ್ರೈವರು ಬಸ್ಸು ನಿಲ್ಲಿಸಿ ತನ್ನ ಕಡೆಯವರು ಕೂರಿಸಿದ್ದ ಗಣಪತಿಗೆ ಕೈಮುಗಿಯಲು ಇಳಿದುಹೋದ. ಹೋದವನನ್ನು ಅವರು ಬರಿಗೈಯಲ್ಲಿ ಕಳಿಸಲಿಲ್ಲ. ಬಸ್ಸಿಗೆಲ್ಲ ಕಡಲೆಕಾಳಿನ ಗುಗ್ಗರಿ ಬಂತು. ಎಲ್ಲರೂ ಅಗಿಯುತ್ತ ಮಳೆ ಒಳ್ಳೆಯದಾಯಿತೆಂದು ಮಾತಾಡಿದರು. ದೇವೀರಮ್ಮ ಅಂಗೈಯಲ್ಲಿ ಪ್ರಸಾದ ಹಿಡಿದು ಕಿಟಕಿಯ ಕಬ್ಬಿಣದ ಸರಳಿನಿಂದ ಇಳಿಯುವ ನೀರನ್ನೇ ನೋಡುತ್ತಿದ್ದರು. ನೀರು, ಕಬ್ಬಿಣ, ಬರಿಗಾಲು. ಅವರು ಚೌಡೇಶ್ವರಿಯನ್ನು ಬೇಡಿಕೊಳ್ಳಲು ಹೊರಟು ತಡೆದುಕೊಂಡರು. ಆ ಎಳೆ ಇಟ್ಟದ್ದೇ ಅವಳ ಹೆಸರಿನಲ್ಲಿ. ಇನ್ನು ಯಾರನ್ನು ಕೇಳುವುದು?

ಹನೂರಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು, ಮಳೆ ಹನಿಗೆ ಇಳಿದಿತ್ತು. ಪೆಂಡಾಲು ಯಾವ ಕಡೆ ಎಂದು ಕೇಳಬೇಕಾಗಲಿಲ್ಲ. ಹಾಡು ಕೇಳಿಸುತ್ತಿತ್ತು, ಹಾಡಿನ ಕೆಳಗೆ ಆ ಗಿಟಾರಿನ ಸದ್ದು. ಧುಮ್, ಧುಮ್. ಕಾಲಡಿಯ ನೆಲದಿಂದ ಬಂದಂತಿತ್ತು. ಹಾಗಾದರೆ ಇದ್ದಾನೆ. ದೇವೀರಮ್ಮ ಕೆಸರಿನಲ್ಲಿ ಹೆಜ್ಜೆ ಹಾಕಿದರು. ಸದ್ದು ನಿಂತಿತು. ಅವರೂ ನಿಂತರು. ಚಪ್ಪಾಳೆ ಕೇಳಿಸಿತು, ಹಾಡು ಮುಗಿದದ್ದು, ಅಷ್ಟೇ. ಮತ್ತೆ ಶುರುವಾಯಿತು. ಮತ್ತೆ ನಡೆದರು. ಹಾಡಿನ ನಡುವೆ ಬರೀ ಕೊಳಲು ನುಡಿಯುವ ಜಾಗವೊಂದು ಬಂತು. ಆಗಂತೂ ಅವರು ಯಾರದೋ ಮನೆಯ ಗೋಡೆಗೆ ಕೈಕೊಟ್ಟು ಕಣ್ಣು ಮುಚ್ಚಿ, ಆ ಒಂದು ಧುಮ್ಮಿಗಾಗಿ ಕಾದರು. ಹೆತ್ತ ಮಗುವಿನ ಮೊದಲ ಅಳುವಿಗೂ ಅಷ್ಟು ಹೆದರಿ ಕಾದಿರಲಿಲ್ಲ ಎಂದು ಆಮೇಲೆ ಹೇಳಿದರು.

ಪೆಂಡಾಲಿನ ತುಂಬ ಜನ. ಸಂದಿಯಲ್ಲಿ ಕಂಡಿತು: ವೇದಿಕೆಯ ಮೇಲೆ ಗಣಪತಿಯ ಪಕ್ಕದಲ್ಲಿ ಮಾದಸ್ವಾಮಿ, ಪ್ಯಾಂಟು ಮಡಚಿಕೊಂಡು ಬರಿಗಾಲಲ್ಲಿ. ಚಪ್ಪರದ ಸೋಗೆ ಸೋರಿ ಜಮಖಾನದ ಅಂಚು ಕಪ್ಪಗೆ ನೆನೆದಿತ್ತು. ಆ ಒದ್ದೆ ಅವನ ಕಾಲಿಂದ ಗೇಣು ದೂರದಲ್ಲಿತ್ತು. ಡಬ್ಬಿ ಅವನ ಹಿಂದೆ ಇತ್ತು. ಹಾಡು ಮುಗಿಯಿತು. ನಿರೂಪಕ, ಮುಂದಿನ ಹಾಡಿಗೆ ಮಾದಸ್ವಾಮಿಯವರೂ ದನಿ ಸೇರಿಸುತ್ತಾರೆ ಎಂದು ಕೂಗಿದ. ಒಬ್ಬ ಕಬ್ಬಿಣದ ಮೈಕ್ ಸ್ಟ್ಯಾಂಡನ್ನು ಎತ್ತಿ ಒದ್ದೆಯ ಮೇಲೆ, ಅವನ ಮುಂದಕ್ಕೆ ಇಡಲು ಹೊರಟ. ದೇವೀರಮ್ಮ ಕೂಗಿದರು. ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

ಅವರು ವೇದಿಕೆಯ ಹಿಂದಕ್ಕೆ ಹೋದರು. ಅಲ್ಲಿ ಮೈಕ್ ಸೆಟ್ಟಿನ ಪುಟ್ಟಮಾದಪ್ಪ ಹಲಗೆಗೆ ಬಡಿದ ಮೇನ್ ಸ್ವಿಚ್ಚಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಸ್ವಿಚ್ಚಿಗೆ ಒಂದು ಕಬ್ಬಿಣದ ಹಿಡಿ ಇತ್ತು.

‘ಅಪ್ಪ, ಕರೆಂಟು ತಗಿ. ಗಿಟಾರಿಗೆ ಕಂಬದ ಕರೆಂಟು ಬತ್ತಾ ಐತೆ.’

‘ಯಾರವ್ವಾ ನೀನು? ಮುಂದ್ಗಡೆ ಓಗು, ಹೆಂಗಸ್ರಿಗೆ ಅಲ್ಲಿ ಜಾಗ ಮಡಗವ್ರೆ.’

‘ಅದ ಸುತ್ತಿದ್ದು ನಾನೇ ಕಣಪ್ಪ. ತಪ್ಪು ಸುತ್ತಿವ್ನಿ.’

ಪುಟ್ಟಮಾದಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ನೆನೆದ ಸೀರೆ, ಮುಷ್ಟಿಯಲ್ಲಿ ಹಿಸುಕಿದ ಗುಗ್ಗರಿ. ಮೈಮೇಲೆ ದೇವರು ಬಂದಿರಬೇಕೆಂದುಕೊಂಡು ಯಾರನ್ನೋ ಕರೆಯಲು ತಿರುಗಿದ. ಅಷ್ಟು ಸಾಕಾಯಿತು. ಸ್ವಿಚ್ಚು ಒತ್ತಲು ಬೆರಳಿಗೆ ಸೆರಗು ಸುತ್ತಿಕೊಳ್ಳುತ್ತಿದ್ದ ಹೆಂಗಸು ಒದ್ದೆ ಕೈಯಿಂದಲೇ ಆ ಕಬ್ಬಿಣದ ಹಿಡಿಯನ್ನು ಹಿಡಿದರು. ಹಿಡಿಯುವಾಗ ತಾನೇ ಸಾಯುತ್ತೇನೆಂದು ಅವರಿಗೆ ಖಂಡಿತವಾಗಿತ್ತು. ಕೆಳಕ್ಕೆ ಎಳೆದರು.

ಪೆಂಡಾಲು ಕತ್ತಲಾಯಿತು. ಸಿಳ್ಳೆ, ಬೈಗುಳ ಎದ್ದವು. ಗಣಪತಿಯ ಮುಂದಿನ ಎಣ್ಣೆದೀಪ ಮಾತ್ರ ಉಳಿಯಿತು. ಮಾದಸ್ವಾಮಿ ಟಾರ್ಚು ಹಿಡಿದು ಹಿಂದಕ್ಕೆ ಬಂದ.

‘ಯಾವನ್ಲಾ ಅವ್ನು ಆಫ್ ಮಾಡ್ದೋನು?’

‘ನಾನು ಕಣ್ಲಾ ಮಾದಸಾಮಿ.’

ಟಾರ್ಚಿನ ಬೆಳಕಿನಲ್ಲಿ ಅವರನ್ನು ನೋಡಿ ಅವನು ಮೊದಲು ಕೇಳಿದ್ದು, ಮನೆಯಲ್ಲಿ ಏನಾಯಿತು ಎಂದು. ಅವರು ಹಿಡಿಯನ್ನು ಬಿಡದೆ, ಅದಕ್ಕೆ ಬೆನ್ನು ಕೊಟ್ಟು ನಿಂತು, ಜರಿಯ ವಿಷಯ ಹೇಳಿದರು. ಅವನಿಗೆ ನಗು ಬಂತು.

‘ಅಕ್ಕ, ಗಿಟಾರಿಗೂ ಸೆರಗು ಮಾಡ್ಬುಟ್ಟಿದ್ದೀಯಲ್ಲ. ಇನ್ನು ಕುಪ್ಸ ಹೊಲಿಸ್ಬೇಕು ಅದ್ಕೆ. ಬುಡು, ಜನ ಕಾಯ್ತಾವ್ರೆ.’

‘ನನ್ನ ಸಾಯ್ಸಿ ಹಾಕ್ಕೋ ಕರೆಂಟ.’

ನಗು ಅರ್ಧಕ್ಕೆ ನಿಂತಿತು. ಆ ಬಾಯಿಂದ ಅಂಥ ಮಾತು ಅವನು ಕೇಳಿದವನಲ್ಲ. ಪುಟ್ಟಮಾದಪ್ಪ ಜೇಬಿನಿಂದ ಟೆಸ್ಟರ್ ತೆಗೆದು, ಜಗಳ ಯಾಕೆ, ಇದು ಹೇಳುತ್ತದೆ ಎಂದ. ಗಿಟಾರನ್ನು ಒಣಗಿದ ಬೆಂಚಿನ ಮೇಲೆ ಮಲಗಿಸಿದರು. ಯಾರೂ ಮುಟ್ಟಬಾರದೆಂದು ದೇವೀರಮ್ಮ ಎರಡು ಕೈ ಚಾಚಿ ಅಡ್ಡ ನಿಂತರು. ಕರೆಂಟು ಹಾಕಿಸಿ, ಪುಟ್ಟಮಾದಪ್ಪ ಟೆಸ್ಟರಿನ ತುದಿಯನ್ನು ದಪ್ಪನೆಯ ತಂತಿಗೆ ಮುಟ್ಟಿಸಿದ. ಅದರ ಹಿಡಿಯೊಳಗಿನ ಸಣ್ಣ ದೀಪ ಕೆಂಪಗೆ ಹತ್ತಿತು. ಇನ್ನೊಂದು ತಂತಿಗೆ ಮುಟ್ಟಿಸಿದ. ಹತ್ತಿತು. ಡಬ್ಬಿಯ ಪ್ಲಗ್ಗು ಕಿತ್ತು ಮತ್ತೆ ಮುಟ್ಟಿಸಿದ. ಹತ್ತಲಿಲ್ಲ.

ಪುಟ್ಟಮಾದಪ್ಪ ವೇದಿಕೆಯ ಕಡೆ ನೋಡಿ, ಕಾಲಡಿಯ ಹಲಗೆ ಇನ್ನೂ ಒಣಗಿತ್ತು, ಅದಕ್ಕೆ ನೀನು ಉಳಿದೆ, ಆ ಮೈಕಿಗೆ ತುಟಿ ತಾಗಿದ್ದರೆ ಹಾಡು ಅಲ್ಲಿಗೇ ಮುಗಿಯುತ್ತಿತ್ತು ಎಂದ. ಮಾದಸ್ವಾಮಿ ಬೆಂಚಿನ ತುದಿಯಲ್ಲಿ ಕೂತುಬಿಟ್ಟ. ದೇವೀರಮ್ಮ ಅವನ ಎರಡೂ ಅಂಗೈಗಳನ್ನು ತಿರುಗಿಸಿ, ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವಂತೆ ಬೆರಳು ಬೆರಳನ್ನೂ ಟಾರ್ಚಿನ ಬೆಳಕಿನಲ್ಲಿ ನೋಡಿದರು.

ಹೊರಗೆ ಜನ ಬಿಡಲಿಲ್ಲ. ಹನೂರಿನವರು ದುಡ್ಡು ಕೊಟ್ಟು ಕರೆಸಿದ ಆರ್ಕೆಸ್ಟ್ರಾವನ್ನು ಅರ್ಧಕ್ಕೆ ಬಿಟ್ಟುಕೊಡುವ ಪೈಕಿಯವರಲ್ಲ. ಪುಟ್ಟಮಾದಪ್ಪನೇ ಉಪಾಯ ಹೇಳಿದ. ಕಾಡಂಚಿನ ಊರುಗಳಿಂದ ಬಂದವರ ಕಂಕುಳಲ್ಲೆಲ್ಲ ಟಾರ್ಚು ಇತ್ತು. ಸೆಲ್ಲುಗಳನ್ನು ಬೇಡಿ ತಂದು, ಒಂದರ ಹಿಂದೆ ಒಂದು ಸೀಳಿದ ಬಿದಿರಿನಲ್ಲಿ ಜೋಡಿಸಿ, ಡಬ್ಬಿಯನ್ನು ದೂರ ಸರಿಸಿ, ಗಿಟಾರಿನ ಬ್ಯಾಟರಿ ಜಾಗಕ್ಕೆ ವೈರು ಕೊಟ್ಟರು. ಆನೆ ಮತ್ತೆ ಗೊಣಗಿತು. ದೇವೀರಮ್ಮ ವೇದಿಕೆಯ ಪಕ್ಕದಲ್ಲೇ ಕೂತರು. ಹಾಡು ಯಾವುದೆಂದು ಅವರಿಗೆ ಗೊತ್ತಿಲ್ಲ. ಮೈಕು ಅವನ ಬಾಯಿಯ ಹತ್ತಿರ ಹೋದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು. ಸೆಲ್ಲು ಕೊಟ್ಟವರು ಕತ್ತಲಲ್ಲಿ ಊರು ಸೇರಿದ್ದು ಹೇಗೋ, ಅದನ್ನು ಯಾರೂ ವಿಚಾರಿಸಲಿಲ್ಲ.

ಗುರುಪಾದಸ್ವಾಮಿ ಯಳಂದೂರಿನಿಂದ ಬಂದು ವಿಷಯ ತಿಳಿದವನು ನಗಲಿಲ್ಲ. ಡಬ್ಬಿ ಬಿಚ್ಚಿದ. ಜರಿಯ ಒಂದು ತುದಿ ಕಪ್ಪಗೆ ಸೀದಿತ್ತು. ತಾನೇ ಒಮ್ಮೆ ಟೆಸ್ಟರ್ ಹಿಡಿದು ನೋಡಬೇಕಿತ್ತೆಂಬ ಮಾತನ್ನು ನುಂಗಿ, ದೇವೀರಮ್ಮನಿಗೆ ತಿಂಗಳುಗಟ್ಟಲೆ ಕೆಲಸ ಕೊಡಲಿಲ್ಲ. ಬೇರೆಯವರ ಕೈಯಲ್ಲಿ ತಂತಿ ಹರಿದು ಹರಿದು ಸಾಕಾದ ಮೇಲೆ, ಏನೂ ನಡೆದೇ ಇಲ್ಲದವನಂತೆ ಉರುಳೆ ತಂದಿಟ್ಟು ಹೋದ. ಆಮೇಲೆ ಪಂಪ್‌ಸೆಟ್ಟಿನ ಮೋಟಾರುಗಳೂ ಬಂದವು. ದೇವೀರಮ್ಮ ಈಗಲೂ ಸುತ್ತುತ್ತಾರೆ. ಮುಗಿಸಿದ ಪ್ರತಿ ಸುರುಳಿಯನ್ನೂ ಕಣ್ಣು ಮುಚ್ಚಿ ಬೆರಳಿನಿಂದ ತಡವುತ್ತಾರೆ. ಮಳೆ ಬಂದರೆ, ತಾವು ಸುತ್ತಿಕೊಟ್ಟ ಮೋಟಾರು ಯಾರ ಯಾರ ಬಾವಿಯ ಮೇಲಿದೆಯೆಂದು ನೆನೆದು ಊಟ ಬಿಡುತ್ತಾರೆ. ಆ ಹೆದರಿಕೆ ಅವರನ್ನು ಬಿಟ್ಟಿಲ್ಲ, ಬಿಡುವ ಲಕ್ಷಣವೂ ಇಲ್ಲ.

ಮಾದಸ್ವಾಮಿಗೆ ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ನನ್ನ ತಮ್ಮ ಬದುಕಿರುವುದು ದೇವೀರಮ್ಮನವರು ಅಂದು ಹನೂರಿನ ಬಸ್ಸು ಹತ್ತಿದ್ದರಿಂದ. ಅವನ ಜೀವ ನಾನು ಅವರಿಗೆ ಕೊಡಬೇಕಾದ ಬಾಕಿ.